ಬಂಡೆತಾತನ ಮುಚ್ಚಿದ ಬಾಗಿಲು ಮತ್ತು ಮುನಶಿ ಅಮೋಘಸಿದ್ದಪ್ಪನವರು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಈ ಸೀಮೆಯಲ್ಲಿ ಅರಸರ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ಕೋಟೆ, ಕದನ, ಸಂಸ್ಥಾನಗಳ ವೃತ್ತಾಂತವನ್ನು ಕಟ್ಟಿಕೊಟ್ಟವರಿಗೂ ಕೊರತೆಯಿಲ್ಲ. ಆದರೆ ಅರಸರಿಗೆ ಬೆನ್ನು ತಿರುಗಿಸಿ, ಊರಿಗೂ ದೂರವಾಗಿ, ಗುಡ್ಡದ ಗವಿಯಲ್ಲೋ ಹೊಳೆ ನಡುವಿನ ಬಂಡೆಯ ಮೇಲೋ ಒಂಟಿಯಾಗಿ ಬಾಳಿಹೋದ ಏಕಾಂತವಾಸಿ ಸಂತರ ಬದುಕನ್ನು, ಅವರು ತೀರಿಹೋದ ಮೇಲೆ ಜನ ಅವರನ್ನು ನಂಬಿ ನಡೆದುಕೊಂಡ ಬಗೆಯನ್ನು, ಕಾಗದಕ್ಕೂ ಕಂಠಕ್ಕೂ ಸಮನಾದ ಗೌರವವಿತ್ತು ದಾಖಲಿಸಿದವರು ಯಾರೆಂದು ಕೇಳಿದರೆ, ಯಾದಗಿರಿ, ಶಹಾಪುರ, ಸುರಪುರಗಳ ಓದುಗರು ತಡವರಿಸದೆ ಹೇಳುವ ಹೆಸರು ಒಂದೇ: ಶ್ರೀ ಅಮೋಘಸಿದ್ದಪ್ಪ ದೇವಾಪುರ.

ಮೂವತ್ತು ವರ್ಷಗಳ ಸರ್ಕಾರಿ ಸೇವೆಯನ್ನು ಪೂರೈಸಿ ಅವರು ಈ ಸೆಪ್ಟೆಂಬರ್ ಕೊನೆಗೆ ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ಹೊರಬರುತ್ತಿರುವ ಈ ಗ್ರಂಥಕ್ಕೆ ಲೇಖನವೊಂದನ್ನು ಕೊಡಬೇಕೆಂದು ಸಮಿತಿಯವರು ಕೇಳಿದಾಗ, ಹಳೆಯ ಸಹೋದ್ಯೋಗಿಯ ಸಲಿಗೆಯಿಂದ ಮೊದಲು ಅವರ ಅಪ್ಪಣೆಯನ್ನೇ ಕೇಳಲು ಹೋದೆ. ಅವರು ಕನ್ನಡಕವನ್ನು ಒರೆಸಿಕೊಳ್ಳುತ್ತ ಹೇಳಿದ ಮಾತು ಇದು:

“ಹೊಗಳಾಕ ಬಾಳ ಮಂದಿ ಸಿಗ್ತಾರೋ. ನಾ ಮಾಡಿದ ತಪ್ಪು ಕಣ್ಣಾರೆ ನೋಡಿದಾಂವ ನೀ ಒಬ್ಬನ ಉಳಿದಿ. ಅದನ್ನ ಬರಿ. ಇಲ್ಲಂದ್ರ ಸುಮ್ನಿರು.”

ಅಭಿನಂದನ ಗ್ರಂಥದಲ್ಲಿ ಅಭಿನಂದಿತರ ತಪ್ಪನ್ನು ಬರೆಯುವುದು ಶಿಷ್ಟಾಚಾರವಲ್ಲವೆಂಬುದನ್ನು ನಾನು ಬಲ್ಲೆ. ಆದರೆ ಅವರ ಮೂವತ್ತು ವರ್ಷಗಳ ವಿದ್ವತ್ತೆಲ್ಲವೂ ಒಂದು ಹಾಳೆಯ ಕೊನೆಯ ಸಾಲಿನಲ್ಲಿ ಆದ ಆ ಒಂದು ತಪ್ಪಿನಿಂದಲೇ ಹುಟ್ಟಿತೆಂಬುದನ್ನು ಬಲ್ಲವನೂ ನಾನೇ ಆದ್ದರಿಂದ, ಅವರ ಆಜ್ಞೆಯನ್ನು ಶಿರಸಾವಹಿಸಿದ್ದೇನೆ.

ಅಮೋಘಸಿದ್ದಪ್ಪನವರು ಹುಟ್ಟಿದ್ದು ೧೯೨೨ರಲ್ಲಿ, ಸುರಪುರದ ಬಳಿಯ ದೇವಾಪುರದಲ್ಲಿ, ಕುರಿಗಾರ ಭಾಗಣ್ಣ ಮತ್ತು ಅಂಬವ್ವ ದಂಪತಿಗಳ ಎರಡನೆಯ ಮಗನಾಗಿ. ಹನ್ನೊಂದು ವರ್ಷ ತುಂಬುವವರೆಗೆ ಕುರಿಹಿಂಡಿನೊಡನೆ ತಿರುಗಿದ ಅವರು ಆಮೇಲೆ ಶಾಲೆಗೆ ಸೇರಿ, ಅಂದಿನ ಪದ್ಧತಿಯಂತೆ ಉರ್ದುವಿನಲ್ಲಿ ಓದಿ, ಮನೆಯಲ್ಲಿ ಚಿಕ್ಕಪ್ಪನೊಬ್ಬರಿಂದ ಕನ್ನಡ ಅಕ್ಷರಗಳನ್ನು ಕಲಿತರು. ಕುರಿಯ ಕಿವಿಯ ಗುರುತನ್ನು ನೋಡಿ ಅದು ಯಾರ ಮನೆಯದೆಂದು ಹೇಳುವ ವಿದ್ಯೆಯೇ ಮುಂದೆ ಹಳೆಯ ಸನದುಗಳ ಸಿಕ್ಕುಸಿಕ್ಕಾದ ಬರಹವನ್ನು ಬಿಡಿಸಲು ನೆರವಾಯಿತೆಂದು ಅವರು ನಗುತ್ತ ಹೇಳುವುದುಂಟು. ೧೯೪೭ರಲ್ಲಿ ಸುರಪುರ ಸೀಮೆಯ ಒಂದು ಕಚೇರಿಯಲ್ಲಿ ಉರ್ದು ಮತ್ತು ಕನ್ನಡಗಳ ನಡುವೆ ಭಾಷಾಂತರ ಮಾಡುವ ಮುನಶಿಯಾಗಿ ಅವರು ನೇಮಕಗೊಂಡರು. ಅದೇ ವರ್ಷ ನಕಲು ಗುಮಾಸ್ತನಾಗಿ ಸೇರಿದ ನನಗೆ ಅವರ ಎದುರಿನ ಮೇಜು ದೊರೆಯಿತು.

ಮರುವರ್ಷ ನಿಜಾಮರ ಆಡಳಿತ ಮುಗಿದು ನಮ್ಮ ಸೀಮೆ ಭಾರತದೊಡನೆ ವಿಲೀನವಾಯಿತು. ಕಚೇರಿಗೆ ಕನ್ನಡದ ಅರ್ಜಿಗಳು ಬರತೊಡಗಿದವು. ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರೂ ಶಾಲೆಯಲ್ಲಿ ಉರ್ದುವನ್ನು ಮಾತ್ರ ಕಲಿತಿದ್ದ ನಮ್ಮಂಥವರು ತಾಯಿನುಡಿಯಲ್ಲಿ ನಿರಕ್ಷರಿಗಳಾಗಿ, ತಮ್ಮ ತಮ್ಮ ಕುರ್ಚಿಯಲ್ಲಿ ಅಳುಕುತ್ತ ಕುಳಿತಿದ್ದೆವು. ಅಮೋಘಸಿದ್ದಪ್ಪನವರು ದಿನವೂ ಕಚೇರಿ ಮುಗಿದ ಮೇಲೆ ಒಂದು ತಾಸು ಕೂತು, ರದ್ದಾದ ಹಾಳೆಗಳ ಹಿಂಬದಿಯಲ್ಲಿ ನಮ್ಮಿಂದ ಅ, ಆ ತಿದ್ದಿಸಿದರು. ಐವತ್ತು ದಾಟಿದ ಹಿರಿಯ ಗುಮಾಸ್ತರೊಬ್ಬರು ನಾಚಿಕೊಂಡಾಗ, ಯಾರೂ ನೋಡದಂತೆ ಅವರ ಮನೆಗೇ ಹೋಗಿ ಕಲಿಸಿ ಬಂದರು. ಆಮೇಲಿನ ವರ್ಷಗಳಲ್ಲಿ ವಾರಪತ್ರಿಕೆಗಳಿಗೆ ನಾನು ಬರೆದ ಧಾರಾವಾಹಿಗಳ ಒಂದೊಂದು ಅಕ್ಷರವೂ ಆ ರದ್ದು ಹಾಳೆಗಳ ಋಣದಲ್ಲಿದೆ.

ಇನ್ನು ಅವರು ಬರೆಯೆಂದ ಸಂಗತಿಗೆ ಬರುತ್ತೇನೆ.

೧೯೪೯ರ ಕೊನೆಗೆ, ಸೀಮೆಯ ಪೂಜಾಸ್ಥಾನಗಳ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸಿ, ಒಂದೊಂದರ ಸ್ಥಳಪುರಾಣವನ್ನೂ ಉಸ್ತುವಾರಿ ಯಾವ ಮನೆತನದ್ದೆಂಬುದನ್ನೂ ಬರೆದುಕೊಂಡು ಬರಬೇಕೆಂದು ಅಪ್ಪಣೆಯಾಯಿತು. ಹೊಳೆದಂಡೆಯ ಊರುಗಳು ಅಮೋಘಸಿದ್ದಪ್ಪನವರ ಪಾಲಿಗೆ ಬಂದವು. ತಿಂಥಣಿಯನ್ನು ಮುಗಿಸಿಕೊಂಡು ಅವರು ಗುಂಡಗೇರಾ ಎಂಬ ಪುಟ್ಟ ಊರಿಗೆ ಹೋದರು. ಅಲ್ಲಿ ಕೃಷ್ಣೆಯ ನಡುನೀರಿನಲ್ಲಿ ಒಂದು ದೊಡ್ಡ ಬಂಡೆ, ಬಂಡೆಯಲ್ಲೊಂದು ಗವಿ. ಸಾವಿರ ವರ್ಷಗಳ ಹಿಂದೆ ಅಲ್ಲಿ ಒಬ್ಬರೇ ಬಾಳಿದರೆಂದು ಜನ ನಂಬುವ ಸಂತರೇ ಬಂಡೆತಾತ. ವರ್ಷಕ್ಕೊಂದು ದಿನ ಎರಡೂ ದಂಡೆಯ ಜನ ಹರಗೋಲಿನಲ್ಲಿ ಕುಳಿತು, ನೀರಿನ ಮೇಲಿರುವಷ್ಟು ಹೊತ್ತು ಒಂದು ಮಾತೂ ಆಡದೆ ಬಂಡೆಗೆ ಹೋಗಿ, ತಾತನಿಗೆ ರೊಟ್ಟಿಯನ್ನಿಟ್ಟು ಬರುವುದು ವಾಡಿಕೆ.

ಈ ನಡೆಯನ್ನು ಎರಡು ಮನೆಗಳು ಕಾಯುತ್ತಿದ್ದವು. ಜನರನ್ನು ದಾಟಿಸುವುದು ಮೀನುಗಾರ ಗುರಪ್ಪನ ಮನೆತನ. ಅದು ಹರಗೋಲ ಮನೆ. ಗವಿಯಲ್ಲಿ ದೀಪ ಹಚ್ಚುವುದು ಸುಲ್ತಾನಸಾಬರ ಮನೆತನ. ಅದು ದೀಪದ ಮನೆ. ಸುಲ್ತಾನಸಾಬರು ವಿಲೀನದ ವರ್ಷವೇ ಜ್ವರದಿಂದ ತೀರಿಕೊಂಡಿದ್ದರು. ಕಾಲ ಕೆಟ್ಟಿದೆಯೆಂಬ ಅಂಜಿಕೆಯಿಂದ ಅವರ ಹೆಂಡತಿ ಖಾಜಾಬೀ ಮನೆಗೆ ಬೀಗ ಹಾಕಿ, ವಡಗೇರಾದಲ್ಲಿದ್ದ ತಂಗಿಯ ಮನೆ ಸೇರಿದ್ದರು. ಅಮೋಘಸಿದ್ದಪ್ಪನವರು ಆ ಬೀಗವನ್ನು ನೋಡಿದರು. ಊರ ಹಿರಿಯ ಪರಮಣ್ಣ, “ಆ ಮನಿಯವ್ರು ಹೋಗ್ಯಾರ್ರಿ, ಇನ್ನ ಬರೂದಿಲ್ಲ” ಎಂದು ಹೇಳಿ, ಅವರನ್ನು ಹರಗೋಲ ಮನೆಗೆ ಕರೆದೊಯ್ದು ಗುರಪ್ಪನ ಹೆಂಡತಿ ಮೌನಮ್ಮನೆದುರು ಕೂರಿಸಿದ.

ಮೌನಮ್ಮ ಕಥೆ ಹೇಳಿದಳು. ಮೇಲುಹೊಳೆಯಿಂದ ಒಂದು ದಿಮ್ಮಿಯನ್ನು ಅಪ್ಪಿಕೊಂಡು ತೇಲಿಬಂದ ಒಬ್ಬ ಯುವಕ, ತನ್ನ ಹೆಸರು ಹಿಡಿದು ಯಾರೂ ಕೂಗದ ಜಾಗ ಬೇಕೆಂದು ಹರಗೋಲ ಮನೆಯ ಹಿರಿಯನನ್ನು ಕೇಳಿದ. ಹಿರಿಯ ಅವನನ್ನು ಬಂಡೆಗೆ ದಾಟಿಸಿದ. ನೆರೆ ಬಂದು ಹಾವು, ಚೇಳು, ಮೊಲಗಳೆಲ್ಲ ಬಂಡೆ ಹತ್ತಿದಾಗ ಆತ ಗವಿಯನ್ನು ಅವುಗಳಿಗೆ ಬಿಟ್ಟುಕೊಟ್ಟು ತಾನು ಮಳೆಯಲ್ಲಿ ಕುಳಿತ. ಆ ಸುದ್ದಿ ಹಬ್ಬಿತು. ಮಗು ಬೇಕೆಂದು, ಮಳೆ ಬೇಕೆಂದು, ಹಗೆ ಸಾಯಬೇಕೆಂದು ಜನ ಹರಗೋಲು ತುಂಬಿ ಬರತೊಡಗಿದರು. ಬೇಡುವವರ ಸದ್ದಿಗೆ ಸೋತ ತಾತ ಕೊನೆಗೆ ಗವಿ ಹೊಕ್ಕು ಬಾಗಿಲಿಗೆ ಕಲ್ಲು ಎಳೆದುಕೊಂಡ.

ಅಲ್ಲಿಗೆ ಮೌನಮ್ಮ ನಿಲ್ಲಿಸಿ ಎದ್ದು, ಕೈ ತೊಳೆದುಕೊಂಡು ಒಳಗೆ ಹೋದಳು. ಊರಿಗೆ ಮರಳುವ ಬಸ್ಸಿಗೆ ಹೊತ್ತಾಗಿತ್ತು. ಮುಂದೇನಾಯಿತೆಂದು ಅಮೋಘಸಿದ್ದಪ್ಪನವರು ಕೇಳಲಿಲ್ಲ. ಹಳೆಯ ಮುನಶಿಗಳ ಕೈಗೆ ಒಂದು ರೂಢಿಯಿತ್ತು: ಬರಹ ನಿಂತಲ್ಲಿ, ಅದರ ಕೆಳಗೆ ಯಾರೂ ಏನನ್ನೂ ಸೇರಿಸದಂತೆ ‘ತಮಾಮ್ ಶುದ್’, ಅಂದರೆ ಮುಗಿಯಿತು, ಎಂದು ಬರೆದು ಅಡ್ಡಗೆರೆ ಎಳೆಯುವುದು. ಅಂದೂ ಅವರ ಕೈ ತಾನಾಗಿ ಅದನ್ನು ಬರೆದು ಗೆರೆ ಎಳೆಯಿತು. ಕಚೇರಿಗೆ ಬಂದ ಆ ಹಾಳೆಯನ್ನು ಅಂದವಾಗಿ ನಕಲು ಮಾಡಿದವನು ನಾನು. ನನಗೂ ಏನೂ ಅನ್ನಿಸಲಿಲ್ಲ.

ಆರು ತಿಂಗಳ ಬಳಿಕ ಕರಡು ಆದೇಶ ಹೊರಟಿತು. ಸ್ಥಳಪುರಾಣ ಹರಗೋಲ ಮನೆಯ ಮಾತಿನಲ್ಲೇ ಆರಂಭವಾಗಿ ಅಲ್ಲಿಯೇ ಮುಕ್ತಾಯಗೊಂಡಿರುವುದರಿಂದಲೂ, ಅದರಲ್ಲಿ ದೀಪದ ಮನೆಯ ಪ್ರಸ್ತಾಪವೇ ಇಲ್ಲದಿರುವುದರಿಂದಲೂ, ಉಸ್ತುವಾರಿಯನ್ನು ಹರಗೋಲ ಮನೆಯೊಂದಕ್ಕೇ ವಹಿಸಿ, ಪರಮಣ್ಣನ ಮುಖಂಡತ್ವದಲ್ಲಿ ಒಂದು ಪಂಚಾಯಿತಿಯನ್ನು ನೇಮಿಸತಕ್ಕದ್ದು. ಆಕ್ಷೇಪಣೆಗೆ ಹದಿನೈದು ದಿನಗಳ ಅವಧಿ. ಇದಾದ ನಾಲ್ಕನೆಯ ದಿನ, ಹನ್ನೊಂದು ಮೈಲು ನಡೆದು, ಸೀರೆಯ ಅಂಚಿನಲ್ಲಿ ಕೆಮ್ಮಣ್ಣು ಮೆತ್ತಿಕೊಂಡ ಹೆಂಗಸೊಬ್ಬಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಳು.

“ಯಾರ್ರಿ ಇಲ್ಲಿ ತಾತನ ಕತಿ ಬರದಾವ್ರು?”

ಅಮೋಘಸಿದ್ದಪ್ಪನವರು ಮೌನಮ್ಮನ ಗುರುತು ಹಿಡಿದು ಎದ್ದರು. “ನಾನ ಯವ್ವಾ. ಬರ್ರಿ, ಕೂಡ್ರಿ.”

“ಕೂಡಾಕ ಬಂದಿಲ್ಲ. ಪರಮಣ್ಣ ಊರ ತುಂಬ ಕಾಗದ ತೋರಿಸ್ಕೋತ ತಿರಗಾಕತ್ಯಾನ. ಕತಿ ಮುಗದದಂತ ಸರಕಾರ ಬರದದಂತ. ಖರೇನು?”

“ನೀವು ಹೇಳಿದಷ್ಟೂ ಬರದೇನಿ.”

“ನಾ ಎಲ್ಲಿಗೆ ನಿಲ್ಲಸಿದ್ನಿ?”

“ತಾತ ಬಾಗಲಿಗೆ ಕಲ್ಲು ಎಳಕೊಂಡ ಅನ್ನೂತನಕ.”

“ಮತ್ತ ಆ ಕಲ್ಲು ಸರಸಿದಾವ್ರು ಯಾರು? ಒಳಗ ಕೂಡಿಹಾಕಿ ಬಂದೀರಲ್ರೀ ನನ್ನ ತಾತನ್ನ! ಆರು ತಿಂಗಳಾತು!”

ಕೋಣೆಯಲ್ಲಿ ಯಾರೋ ನಕ್ಕರು. ಅಮೋಘಸಿದ್ದಪ್ಪನವರು ನಗಲಿಲ್ಲ. ಲೇಖನಿಯನ್ನು ಕೈಗೆತ್ತಿಕೊಂಡು, “ಸರಸಿದ್ದೂ ನೀವ ಹೇಳ್ರಿ. ಈಗಿಂದೀಗ ಸೇರಸ್ತೇನಿ” ಎಂದರು.

“ಅದು ನನ್ನ ಪಾಲಿಂದಲ್ಲ. ಬಾಗಲತನಕ ನಮ್ಮ ಮನಿದು, ಬಾಗಲದಿಂದ ಆಚಿಗಿಂದು ದೀಪದ ಮನಿದು. ಖಾಜಾಬೀ ಹೇಳಬೇಕು.”

“ನಿಮಗ ಗೊತ್ತಿಲ್ಲೇನು?”

“ನಲವತ್ತು ವರ್ಷ ಕೇಳೇನಿ, ಗೊತ್ತಿಲ್ಲದ ಏನು! ಮಗ್ಗಲ ಹೊಲದಾಗ ಏನು ಬೆಳದದ ಅಂತ ಎಲ್ಲಾರಿಗೂ ಗೊತ್ತಿರ್ತದ. ಹೋಗಿ ಕೊಯ್ಯಾಕ ಬರ್ತದೇನ್ರಿ?”

ಕರಡು ಆದೇಶ ಹಾಗೆಯೇ ಸ್ಥಿರವಾಗಿದ್ದರೆ ಇಡೀ ಬಂಡೆ ಅವಳ ಮನೆಯದಾಗುತ್ತಿತ್ತೆಂಬುದನ್ನು ಓದುಗರು ನೆನಪಿಡಬೇಕು. ಅದನ್ನು ತಡೆಯಲೆಂದೇ ಅವಳು ನಡೆದು ಬಂದಿದ್ದಳು. ಅವಳು ನೀರು ಕುಡಿದು ಹೊರಟುಹೋದ ಮೇಲೆ ಅಮೋಘಸಿದ್ದಪ್ಪನವರು ಎರಡು ದಿನಗಳ ರಜೆ ಬರೆದುಕೊಟ್ಟರು. ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಬರೆದೆ. ಶಹಾಪುರದವರೆಗೆ ಬಸ್ಸು, ಅಲ್ಲಿಂದ ಮುಂದೆ ಸಿಕ್ಕಷ್ಟು ದೂರ ಎತ್ತಿನಗಾಡಿ, ಉಳಿದದ್ದು ಕಾಲ್ನಡಿಗೆ.

ವಡಗೇರಾದಲ್ಲಿ ನಮ್ಮನ್ನು ಎದುರುಗೊಂಡವರು ಖಾಜಾಬೀಯ ತಂಗಿ ಚಮನಬೀ. ಕಚೇರಿಯವರೆಂದು ತಿಳಿದೊಡನೆ ಆಕೆ ಸೊಂಟದ ಮೇಲೆ ಕೈಯಿಟ್ಟರು. “ಬರ್ರಿ, ಬರ್ರಿ! ಸರಕಾರ ನಡಕೋತ ನಮ್ಮ ಮನಿಗೆ ಬಂತು! ಕುರ್ಚಿ ಇಲ್ಲ, ನಿಮ್ಮ ಕಾಗದ ಹಾಸ್ಕೊಂಡು ಕೂಡ್ರಿ.”

ಖಾಜಾಬೀ ಹತ್ತಿ ಬಿಡಿಸುತ್ತ ಒಳಗಿನಿಂದಲೇ ಹೇಳಿದರು: “ನಾ ಬರೂದಿಲ್ಲ. ಅವ್ರು ಇರೂತನಕ ನಡೀತು. ಅವ್ರಿಲ್ಲದ ಊರಿಗಿ ಯಾವ ಮಾರಿ ಹೊತ್ತು ಬರ್ಲಿ? ಯಾರು ಏನಂತಾರೋ. ದೀಪ ಹಚ್ಚಾಕ ಈಗ ಮಂದಿ ಬಾಳ ಅದಾರ.”

ಅಮೋಘಸಿದ್ದಪ್ಪನವರು ವಾದಿಸಲಿಲ್ಲ. “ಒಂದು ಹಾಳಿ ಓದಿ ಹೋಗ್ತೇನ್ರಿ ಅವ್ವಾ” ಎಂದವರೇ, ತಮ್ಮ ಬರಹವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಎಲ್ಲಿಯೂ ನಿಲ್ಲಿಸದೆ ಓದಿದರು. ಕಲ್ಲು ಎಳೆದುಕೊಂಡಲ್ಲಿಗೆ ಬಂದು, ಕೊನೆಯ ಎರಡು ಪದಗಳನ್ನೂ ಓದಿದರು. ಖಾಜಾಬೀ ಹತ್ತಿಯ ಬುಟ್ಟಿಯನ್ನು ತಳ್ಳಿ ಎದ್ದು ಬಂದರು.

“ತಮಾಮ್? ಯಾರು ತಮಾಮ್ ಮಾಡಿದವ್ರು? ಆ ಬಾಗಲ ಬಡದಾಂವ ನಮ್ಮ ಮನಿ ಹಿರ್ಯಾ. ನೀ ಆ ಬಡಿಯೂ ಕೈನ ಕಡದು ಬಂದೀದಿ, ಮುನಶಿ!”

“ಹೌದ್ರಿ ಅವ್ವಾ. ಕಡದೇನಿ.”

ಸರ್ಕಾರದ ಮನುಷ್ಯ ಹೌದೆಂದು ಒಪ್ಪಿಕೊಳ್ಳುವನೆಂದು ಆಕೆ ಎಣಿಸಿರಲಿಲ್ಲ. ಅವರೆದುರಿಗೇ ಕುಳಿತು ಹೇಳಿದರು: “ಮುಂದಿನ ಕತಿ ಇಲ್ಲಿ ಹೇಳಾಕ ಬರೂದಿಲ್ಲ. ಬಂಡೆ ಮ್ಯಾಲ, ಗವಿ ಮುಂದ, ಹರಗೋಲ ಮನಿಯವ್ರು ಎದುರಿಗಿ ಕೂತಿರಬೇಕು. ಮತ್ತ ಕೇಳು, ಅದನ್ನ ಹೇಳ್ತಿದ್ದವ್ರು ಅವ್ರು. ನಾ ಎಂದೂ ಹೇಳಿಲ್ಲ.” ಬರುತ್ತೇನೆಂದಾಗಲಿ ಬರುವುದಿಲ್ಲವೆಂದಾಗಲಿ ಆಕೆ ಹೇಳಲಿಲ್ಲ.

ಮರಳಿ ಬಂದ ರಾತ್ರಿಯೇ ಅಮೋಘಸಿದ್ದಪ್ಪನವರು ತಮ್ಮ ಮೇಲೆ ತಾವೇ ಒಂದು ಹೇಳಿಕೆಯನ್ನು ಬರೆದರು. ಆಗ ಹಳೆಯ ಆಡಳಿತದ ನೌಕರರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕೆಂಬ ಪರಿಶೀಲನೆ ನಡೆದಿತ್ತು. ಅದನ್ನು ಓದಿ ನಾನು ತಡೆದೆ.

“ತಲಿ ಕೆಟ್ಟದೇನೋ? ‘ಹೆಚ್ಚಿನ ಮಾಹಿತಿ ದೊರೆತಿದೆ’ ಅಂತ ಬರಿ, ಸಾಕು. ತಪ್ಪಾತು ಅಂತ ಯಾಕ ಬರೀತಿ? ನಮ್ಮ ಪಟ್ಟಿ ಇನ್ನ ಜಾಲಸಾಕತ್ತಾರ.”

“ಹೆಚ್ಚಿನ ಮಾಹಿತಿ ಅಂದ್ರ ಮೊದಲಿಂದು ಖರೇ ಅಂದಂಗಾತು. ಮೊದಲಿಂದು ಸುಳ್ಳದ.”

ವಿಚಾರಣಾಧಿಕಾರಿಗಳು ಮುಂಬಯಿ ಪ್ರಾಂತದಿಂದ ಎರವಲು ಸೇವೆಯ ಮೇಲೆ ಬಂದಿದ್ದ, ಕಟ್ಟುನಿಟ್ಟಿನ, ಆದರೆ ನ್ಯಾಯವಂತರಾದ ಹಿರಿಯರು. ಹೇಳಿಕೆಯನ್ನು ಎರಡು ಸಲ ಓದಿದರು. “ಕಚೇರಿ ಕಾಗದ ತಪ್ಪು ಅಂತ ಕಚೇರಿಯವನ ಹೇಳಿದ್ರ ಜನ ನಾಳೆ ಯಾವ ಕಾಗದ ನಂಬಬೇಕು?”

“ಇದೊಂದು ನಂಬಬ್ಯಾಡ್ರಿ ಸಾಹೇಬ್ರ. ಉಳದದ್ದಕ್ಕ ನಾ ಜವಾಬ್ದಾರ.”

“ಅವಧಿ ಮುಗಿಯೋದು ಗುರುವಾರ. ಅವತ್ತ ಬಂಡೆಗೇ ಬರ್ತೀನಿ. ಆ ಹೆಣ್ಣುಮಗಳು ಬರದಿದ್ರ, ಇಲ್ಲಾ ಬಂದೂ ಹೇಳದಿದ್ರ, ಆದೇಶಕ್ಕ ಸಹಿ ಬೀಳ್ತದ. ನಿನ್ನ ಹೆಸರಿನ ಮುಂದ ಷರಾನೂ ಬೀಳ್ತದ.”

ಗುರುವಾರ ಮುಂಜಾನೆ ನಾವು ದಂಡೆಗೆ ಬಂದಾಗ ಕೃಷ್ಣೆಯ ನೀರು ಕೆಂಪಾಗಿತ್ತು. ಮೇಲೆಲ್ಲೋ ಮಳೆಯಾಗಿತ್ತು. ಒಮ್ಮೆ ನೆರೆ ಏರಿದರೆ ದಸರೆಯವರೆಗೆ ಬಂಡೆಗೆ ದಾರಿಯಿಲ್ಲ. ಪರಮಣ್ಣ ಸಾಹೇಬರ ಪಕ್ಕದಲ್ಲೇ ನಿಂತಿದ್ದ. “ನೀರಿನ ಬಣ್ಣ ನೋಡ್ರಿ ಸಾಹೇಬ್ರ. ಎರಡ ತಾಸಿನ್ಯಾಗ ಬಂಡೆ ಮೆಟ್ಲ ಮುಳಗ್ತಾವ. ಬರೂದಿದ್ರ ಆಕಿ ಇಷ್ಟೊತ್ತಿಗಿ ಬರ್ತಿದ್ಳು. ಇಲ್ಲೇ ಮುಗಸಿಬಿಡೂಣ್ರಿ.” ಸಾಹೇಬರು ಗಡಿಯಾರವನ್ನು ನೋಡಿಕೊಂಡರು. ಗುರಪ್ಪ ಹುಟ್ಟನ್ನು ಹಿಡಿದು ಹರಗೋಲಿನಲ್ಲಿ ಕುಳಿತಿದ್ದ. ಅಮೋಘಸಿದ್ದಪ್ಪನವರ ಕಣ್ಣು ಮಾತ್ರ ದಾರಿಯ ಮೇಲೆ. ಎಂಟಾಯಿತು; ಒಂಬತ್ತಾಯಿತು. ಸಾಹೇಬರು ಲೇಖನಿಯ ಮುಚ್ಚಳವನ್ನು ತೆರೆಯುವ ಹೊತ್ತಿಗೆ, ಜಾಲಿಮರಗಳ ತಿರುವಿನಲ್ಲಿ ಗಾಡಿಯೊಂದರ ಸದ್ದಾಯಿತು. ಮೊದಲು ಕೇಳಿಸಿದ್ದು ಗಾಡಿಯವನನ್ನು ಬಯ್ಯುತ್ತಿದ್ದ ಚಮನಬೀಯ ದನಿ. ಅವರ ಹಿಂದೆ ಖಾಜಾಬೀ ಇಳಿದರು.

ಮೌನಮ್ಮ ಎದುರು ಹೋಗಿ ಕೈ ಹಿಡಿದಳು. “ಬಾ ಯಕ್ಕಾ, ನಡಕ ಕೂಡು.”

“ಕೂಡತೀನಿ. ಮೊದಲ ತೂತು ಮುಚ್ಚೀದೇನು ನೋಡು. ಹ್ವಾದ ಸರ್ತಿ ನನ್ನ ಸೀರಿ ಪೂರಾ ತೋಯಿಸಿದ್ದಿ.”

“ಮುಚ್ಚೇನಿ. ಪರಮಣ್ಣ, ನೀನೂ ಬಾರಪ್ಪ. ನಿನ್ನಂಥಾ ಭಾರ ಒಂದು ಇದ್ರ ಹರಗೋಲು ಅಲ್ಲಾಡೂದಿಲ್ಲ.”

ನೀರಿಗಿಳಿದ ಮೇಲೆ, ವಾಡಿಕೆಯಂತೆ, ಯಾರೂ ಮಾತಾಡಲಿಲ್ಲ, ಸಾಹೇಬರೂ ಸಹ. ಹರಗೋಲು ಎರಡು ಸುತ್ತು ತಿರುಗಿ, ಸೆಳವಿಗೆ ಓರೆಯಾಗಿ ದಾಟಿ ಬಂಡೆಗೆ ತಗುಲಿತು. ಖಾಜಾಬೀ ಗವಿಯ ಬಾಗಿಲಿಗೆ ಮುಖಮಾಡಿ ಕುಳಿತರು, ಅವರೆದುರು ಮೌನಮ್ಮ. ಅಮೋಘಸಿದ್ದಪ್ಪನವರು ಖಾಲಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. “ಹೇಳ್ರಿ ತಾಯಿ” ಎಂದರು ಸಾಹೇಬರು.

ಖಾಜಾಬೀ ಬಾಯಿ ತೆರೆದರು. ಮಾತು ಬರಲಿಲ್ಲ. ಇಪ್ಪತ್ತೈದು ವರ್ಷ ಗಂಡನ ಮಗ್ಗುಲಲ್ಲಿ ಕುಳಿತು ಕೇಳಿದ ಕಥೆಗೆ ಅಂದು ಗಂಡನ ದನಿಯೇ ಇರಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ಆಕೆ ಬಾಗಿಲನ್ನೇ ನೋಡುತ್ತ ಕುಳಿತರು. ಹೊತ್ತು ಸರಿಯಿತು. ಕೆಳಗಿನ ಮೆಟ್ಟಿಲು ಮುಳುಗಿತು. “ಇದ್ರ ತಾನ ಹೇಳೂದು?” ಎಂದ ಪರಮಣ್ಣ, ಮೆಲ್ಲಗೆ. ಸಾಹೇಬರು ಅಮೋಘಸಿದ್ದಪ್ಪನವರ ಕಡೆಗೆ ತಿರುಗಿದರು. ಅವರು ತಲೆ ತಗ್ಗಿಸಿದರು. ಇಡೀ ಕಥೆಯನ್ನು ಬಲ್ಲ ಮೌನಮ್ಮ ಎದುರಿಗೇ ಇದ್ದಳು. ಒಂದೇ ಒಂದು ಪದವನ್ನು ಅವಳು ಎತ್ತಿಕೊಟ್ಟಿದ್ದರೆ ಸಾಕಿತ್ತು. ಆದರೆ ಅದು ಅವಳ ಪಾಲಿನದಲ್ಲ. ಎತ್ತಿಕೊಟ್ಟರೆ ಕಥೆ ದೀಪದ ಮನೆಯದೆಂಬ ಮಾತೇ ಬಿದ್ದುಹೋಗುತ್ತಿತ್ತು.

ಆಗ ಮೌನಮ್ಮ ತನ್ನ ಪಾಲನ್ನು ಹೇಳತೊಡಗಿದಳು. ದಿಮ್ಮಿ ತೇಲಿಬಂದಲ್ಲಿಂದ ಆರಂಭಿಸಿ, ನೆರೆ, ಹಾವು, ಮೊಲ, ಬೇಡುವ ಜನ, ಎಲ್ಲವನ್ನೂ ಹೇಳಿ, “ಬಾಗಲಿಗೆ ಕಲ್ಲು ಎಳಕೊಂಡ” ಎಂದು ನಿಲ್ಲಿಸಿದಳು. ಖಾಜಾಬೀ ಅಲುಗಲಿಲ್ಲ. ಅವಳು ಮತ್ತೆ ದಿಮ್ಮಿಯಿಂದ ಆರಂಭಿಸಿದಳು. ಎರಡನೆಯ ಮೆಟ್ಟಿಲಿಗೆ ನೀರು ಬಂತು. ಮತ್ತೆ ಕಲ್ಲು, ಮತ್ತೆ ಮೌನ. ಗುರಪ್ಪ ಹರಗೋಲಿನ ಹಗ್ಗವನ್ನು ಬಿಗಿಹಿಡಿದು ಕಣ್ಸನ್ನೆ ಮಾಡಿದ, ಅವಳು ನೋಡಲಿಲ್ಲ. ಮೂರನೆಯ ಸಲ, ಅದೇ ದನಿ, ಅದೇ ನಿಧಾನ: “…ಗವಿ ಹೊಕ್ಕ. ಬಾಗಲಿಗೆ ಕಲ್ಲು ಎಳಕೊಂಡ.”

“ಬಡದ” ಎಂದರು ಖಾಜಾಬೀ.

ಆಕೆಯ ದನಿ ಗಟ್ಟಿಯಾಯಿತು. “ಬಡದ ನಮ್ಮ ಹಿರ್ಯಾ. ಈಸಿಕೊಂಡು ಬಂದಿದ್ದ, ಮೈಯೆಲ್ಲಾ ನೀರು. ನಲವತ್ತು ದಿನ ಎಲ್ಲಾರೂ ಬಡದಿದ್ರು. ಅದು ಕೊಡು, ಇದು ಕೊಡು. ತಾತ ಯಾರಿಗೂ ಓ ಅಂದಿದ್ದಿಲ್ಲ. ನಮ್ಮ ಹಿರ್ಯಾ ಏನೂ ಬೇಡಲಿಲ್ಲ. ‘ಊಟ ಆತೇನೋ ಯಪ್ಪಾ?’ ಅಂದ. ಅಷ್ಟ ಕೇಳಿದ. ಒಳಗಿಂದ ಕಲ್ಲು ಸರೀತು.”

ಆಮೇಲೆ ಕಥೆ ಹರಿದು ಬಂತು. ತಾತ ಹೊರಗೆ ಬಂದು, ಇಷ್ಟು ವರ್ಷಗಳಲ್ಲಿ ಇದನ್ನು ಕೇಳಿದವನು ನೀನೊಬ್ಬನೇ ಎಂದದ್ದು. ತಲೆಯ ಮೇಲಿನ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದ ಒಂದೇ ರೊಟ್ಟಿಯನ್ನು ಇಬ್ಬರೂ ಹಂಚಿ ತಿಂದದ್ದು. ನೆರೆಯಲ್ಲಿ ಸಿಕ್ಕವರಿಗೆ ಇಲ್ಲೊಬ್ಬರಿದ್ದಾರೆಂದು ತಿಳಿಯಲಿ ಎಂದು ಹೇಳಿ ದೀಪವನ್ನು ಅವನ ಕೈಗಿತ್ತದ್ದು. ಮೂರು ದಿನಗಳ ಬಳಿಕ ತೀರಿಕೊಂಡ ತಾತನನ್ನು ಎರಡೂ ಮನೆಯವರು ಸೇರಿ ಆ ಬಾಗಿಲಿನ ಎದುರೇ ಮಣ್ಣು ಮಾಡಿದ್ದು. ಅಮೋಘಸಿದ್ದಪ್ಪನವರ ಲೇಖನಿ ಒಂದು ಕ್ಷಣವೂ ನಿಲ್ಲಲಿಲ್ಲ. ಖಾಜಾಬೀ ಮುಗಿಸಿದಾಗ, ನೀರು ಮೂರನೆಯ ಮೆಟ್ಟಿಲನ್ನು ಮುಟ್ಟುತ್ತಿದ್ದಾಗ, ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ.

“ರೊಟ್ಟಿ ಯಾವುದರದು, ತಾಯಿ?”

“ಸಜ್ಜಿದ್ರಿ.”

“ಬರಕೊಳ್ಳಪ್ಪ” ಎಂದರು ಸಾಹೇಬರು ಅಮೋಘಸಿದ್ದಪ್ಪನವರಿಗೆ. “ಸಜ್ಜಿ ರೊಟ್ಟಿ.”

ಅಂತಿಮ ಆದೇಶದಲ್ಲಿ ಎರಡೂ ಮನೆಗಳ ಹೆಸರಿತ್ತು; ಪಂಚಾಯಿತಿಯ ಮಾತು ಇರಲಿಲ್ಲ. ಆ ವರ್ಷ ನೆರೆ ಇಳಿದ ಮೇಲೆ ದೀಪ ಹಚ್ಚಿದವರು ಖಾಜಾಬೀ. ಅವರ ಮನೆಯ ಬೀಗ ಮತ್ತೆ ಬೀಳಲಿಲ್ಲ. ಅಮೋಘಸಿದ್ದಪ್ಪನವರ ಹೆಸರಿನ ಮುಂದೆ ಎಚ್ಚರಿಕೆಯ ಷರಾ ಬಿತ್ತು. ಕೆಲಸ ಉಳಿಯಿತು, ಆದರೆ ಅವರನ್ನು ಯಾದಗಿರಿಯ ಒಂದು ದಾಖಲೆ ಕೋಣೆಗೆ, ಯಾರೂ ಬಯಸದ ಜಾಗಕ್ಕೆ, ವರ್ಗ ಮಾಡಿದರು. ಶಿಕ್ಷೆಯೆಂದು ಕೊಟ್ಟ ಆ ಕೋಣೆಯಲ್ಲಿ ಅವರು ಇಪ್ಪತ್ತೇಳು ವರ್ಷ ಕುಳಿತರು. ಗೆದ್ದಲು ಹಿಡಿದ ಕಟ್ಟುಗಳನ್ನು ಬಿಚ್ಚಿ, ರಜೆಯ ದಿನಗಳಲ್ಲಿ ಊರೂರು ತಿರುಗಿ, ಈ ಸೀಮೆಯ ಇಪ್ಪತ್ಮೂರು ಮಂದಿ ಏಕಾಂತವಾಸಿ ಸಂತರ ಜೀವನವನ್ನೂ ಅವರಿಗೆ ಜನ ನಡೆದುಕೊಳ್ಳುವ ರೀತಿಯನ್ನೂ ಬರೆದರು. ಬರೆದದ್ದನ್ನು ಹೇಳಿದವರ ಮನೆಗೇ ಒಯ್ದು, ಗಟ್ಟಿಯಾಗಿ ಎರಡು ಸಲ ಓದಿ, “ಬಿಟ್ಟದ್ದು ಏನರ ಅದ ಏನ್ರಿ? ಇದು ಯಾರ ಪಾಲಿಂದು?” ಎಂದು ಕೇಳದೆ ಒಂದು ಹಾಳೆಯನ್ನೂ ಅವರು ಅಚ್ಚಿಗೆ ಕೊಟ್ಟಿಲ್ಲ.

ಪಂಡಿತರು ಆಕ್ಷೇಪಿಸಿದ್ದುಂಟು. ಗವಿಯ ಬಾಗಿಲ ಮೇಲಿನ ಸವೆದ ಅಕ್ಷರಗಳು ಒಂಬತ್ತನೆಯ ಶತಮಾನಕ್ಕೆ ಸಲ್ಲುವುದಾದರೆ, ಅಷ್ಟು ಹಿಂದೆ ಸುಲ್ತಾನಸಾಬರ ಮನೆತನ ಅಲ್ಲಿಗೆ ಬಂದದ್ದು ಹೇಗೆಂದು ಕೇಳಿದರು. ಬಾಗಿಲು ಬಡಿದ ದಿನ ಆ ಹಿರಿಯನ ಹೆಸರು ಏನಿತ್ತೋ ತಮಗೆ ತಿಳಿಯದು, ಅವನ ಮಕ್ಕಳು ಮುಂದೆ ಯಾವ ಹಾದಿ ಹಿಡಿದರೂ ದೀಪವನ್ನು ಕೈಬಿಡಲಿಲ್ಲ ಎಂದು ಅಮೋಘಸಿದ್ದಪ್ಪನವರು ವಿನಯದಿಂದಲೇ ಉತ್ತರಿಸಿದರು. ಇನ್ನೊಮ್ಮೆ, ಹಳೆಯ ಇಂಗ್ಲಿಷ್ ಪುಸ್ತಕವೊಂದರಲ್ಲಿ ಐರ್ಲೆಂಡ್ ದೇಶದ ಸಂಗತಿಯನ್ನು ಓದಿ ಬಂದು, ಅವರು ಮೂರು ದಿನ ಬೇರೆ ಮಾತನ್ನೇ ಆಡಲಿಲ್ಲ. ಆ ದೇಶದಲ್ಲಿಯೂ ಅದೇ ಶತಮಾನಗಳಲ್ಲಿ ಕ್ರೈಸ್ತ ಮುನಿಗಳು ಕಡಲ ನಡುವಣ ಬಂಡೆಗಳ ಮೇಲೆ ಒಂಟಿಯಾಗಿ ಬಾಳಿದ್ದರಂತೆ. ಅವರು ತೀರಿದ ಮೇಲೆ ಅವರ ಕೈಗಂಟೆಯನ್ನೋ ಊರುಗೋಲನ್ನೋ ತಲೆಮಾರುಗಳಿಂದ ಕಾಯುತ್ತ ಬಂದ ಮನೆತನಗಳೂ ಇದ್ದವಂತೆ. “ಅಲ್ಲಿ ಗಂಟಿ ಕಾದವ್ರ ಮನಿ ಕತಿ ಯಾರರ ಪೂರಾ ಕೇಳಿ ಬರಕೊಂಡಾರೋ ಇಲ್ಲೋ” ಎಂದು ಅವರು ಚಿಂತಿಸುತ್ತಿದ್ದ ರೀತಿಯನ್ನು ನೋಡಿದವರಿಗೆ, ಐರ್ಲೆಂಡ್ ವಡಗೇರಾದ ಆಚೆಗಿನ ಊರೆಂದೇ ತೋರುತ್ತಿತ್ತು.

ಕಳೆದ ತಿಂಗಳು, ಈ ಲೇಖನಕ್ಕೆಂದು ನಾನು ಗುಂಡಗೇರಾಕ್ಕೆ ಹೋಗಿದ್ದೆ. ಮೌನಮ್ಮ ತೀರಿಕೊಂಡು ನಾಲ್ಕು ವರ್ಷಗಳಾಗಿವೆ. ಅವಳ ಸೊಸೆ ಹಣಮಂತಮ್ಮ ಹರಗೋಲ ಮನೆಯ ಪಾಲನ್ನು ಹೇಳುತ್ತಾಳೆ. ಎಂಬತ್ತರ ಹತ್ತಿರದ ಖಾಜಾಬೀಗೆ ಕಣ್ಣು ಮಂದವಾಗಿದ್ದರೂ ಮಾತು ಮಂದವಾಗಿಲ್ಲ. ಮುನಶಿಯವರು ನಿವೃತ್ತರಾಗುತ್ತಾರೆಂದು ನಾನು ಹೇಳಿದೆ.

“ಅಂದ್ರ?”

“ಇನ್ನ ಸರಕಾರದ ಕೆಲಸ ಇಲ್ರಿ ಅವ್ವಾ. ಮೂವತ್ತನೇ ತಾರೀಖಿಗಿ ಬಿಡ್ತಾರ.”

“ಪೂರಾ ಬಿಡ್ತಾನೇನು? ಖರೇ ಹೇಳು.”

“ಖರೇನ್ರಿ.”

ಖಾಜಾಬೀ ಬೊಚ್ಚುಬಾಯಿ ತುಂಬ ನಕ್ಕರು. “ಹಂಗಾದ್ರ ಕಳಸು ಅವನ್ನ. ತಾತ ಸಾಯೂ ಮುಂದ ನಮ್ಮ ಹಿರ್ಯಾಗ ಒಂದು ಮಾತು ಹೇಳ್ಯಾನ. ರಾಜನ ಚಾಕರಿ ಮಾಡಾವ್ರ ಮುಂದ ಆಡಬ್ಯಾಡ ಅಂತನೂ ಹೇಳ್ಯಾನ. ಬಂಡೆ ಮ್ಯಾಲ ಅವತ್ತ ನೀವು ಮೂರೂ ಮಂದಿ ಸರಕಾರದವ್ರ ಇದ್ರಿ, ಹ್ಯಾಂಗ ಹೇಳ್ಲಿ? ಇಪ್ಪತ್ತೇಳು ವರ್ಷ ಬಾಯಾಗ ಇಟ್ಕೊಂಡು ಕೂತೀನಿ. ಲಗೂನ ಬಾ ಅನ್ನು.”

ನಾನು ಯಾದಗಿರಿಗೆ ಮರಳಿ ಇದನ್ನು ಒಪ್ಪಿಸಿದಾಗ ಅಮೋಘಸಿದ್ದಪ್ಪನವರು ಕನ್ನಡಕವನ್ನು ತೆಗೆದು ಒರೆಸಿಕೊಂಡರು. ಆಮೇಲೆ, ಅಕ್ಟೋಬರ್ ಒಂದನೆಯ ತಾರೀಖು ಸುರಪುರಕ್ಕೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು. ಸನ್ಮಾನದ ಸಮಾರಂಭವನ್ನು ಅಂದೇ ಇಟ್ಟುಕೊಂಡಿದ್ದ ಸಮಿತಿಯವರು ಅದನ್ನು ಮುಂದಕ್ಕೆ ಹಾಕಿದ್ದು ಈ ಕಾರಣಕ್ಕಾಗಿಯೇ ಎಂಬುದನ್ನು ಅರಿತು ಓದುಗರು ಮನ್ನಿಸಬೇಕು.

ನಮಗೆ ಅಕ್ಷರವನ್ನು ಕಲಿಸಿದ, ಬರೆದದ್ದನ್ನು ಅಳಿಸುವ ಧೈರ್ಯವನ್ನೂ ತೋರಿಸಿಕೊಟ್ಟ ಈ ಹಿರಿಯ ಗೆಳೆಯರಿಗೆ ಕಣ್ಣಿನ ಬೆಳಕು, ಹರಗೋಲನ್ನು ಹತ್ತಿ ಇಳಿಯುವಷ್ಟು ಮೊಣಕಾಲಿನ ಶಕ್ತಿ, ನೂರು ತುಂಬುವ ಆಯುಷ್ಯ ದೊರೆಯಲೆಂದು ಹಾರೈಸುತ್ತೇನೆ. ಅಷ್ಟೇ ಆಯುಷ್ಯ, ಅದಕ್ಕಿಂತ ಒಂದು ದಿನವೂ ಕಡಿಮೆಯಿಲ್ಲದಂತೆ, ದೀಪದ ಮನೆಯ ಖಾಜಾಬೀ ಅವರಿಗೂ ಸಲ್ಲಲಿ. ಹೇಳುವವರು ಕಾಯುತ್ತಿದ್ದಾರೆ, ಕೇಳುವವರು ಈಗಷ್ಟೇ ಬಿಡುವಾಗಿದ್ದಾರೆ.